ಸಹಾಯ ಬೇಕು: ಮೈಸೂರಿನಲ್ಲಿ ಒಳ್ಳೆಯ ಮೆಕ್ಸಿಕನ್ ಊಟ ಎಲ್ಲಿ ಸಿಗುತ್ತದೆ?

ಸದಸ್ಯರಿಗೆಲ್ಲ ನಮಸ್ಕಾರ. ಮೈಸೂರಿನಲ್ಲಿ ಮೆಕ್ಸಿಕನ್ ಅಥವಾ ಟೆಕ್ಸ್-ಮೆಕ್ಸ್ (ಅಮೆರಿಕದ ಟೆಕ್ಸಾಸ್ ಕಡೆಯ ಮೆಕ್ಸಿಕನ್ ಶೈಲಿಯ) ಊಟ ಚೆನ್ನಾಗಿ ಸಿಗುವ ಹೋಟೆಲು ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಿ. ಕಳೆದ ವಾರ ಒಂದು ಕೆಫೆಯಲ್ಲಿ ಟಾಕೊ (ಸಾಮಾನ್ಯವಾಗಿ ಮುಸುಕಿನ ಜೋಳದ ತೆಳು ರೊಟ್ಟಿಯನ್ನು ಮಡಿಸಿ ಹೂರಣ ತುಂಬಿದ ತಿನಿಸು) ಕೇಳಿದರೆ, ಮೈದಾ ರೊಟ್ಟಿಯೊಳಗೆ ಪನೀರ್ ಮಸಾಲೆ ತುಂಬಿ, ಮೇಲೆ ಕೆಚಪ್ ಸುರಿದು ಕೊಟ್ಟರು. ಚಪಾತಿ ರೋಲ್ ಎಂದಿದ್ದರೆ ನನ್ನ ತಕರಾರಿರಲಿಲ್ಲ. ಗೋಧಿ ಟಾರ್ಟಿಯಾ (ಮೆಕ್ಸಿಕನ್ ತೆಳು ರೊಟ್ಟಿ), ಜೀರಿಗೆ, ಧಾರಾಳ ಚೀಸ್ ಟೆಕ್ಸಾಸ್ ಕಡೆಯ ಅಡುಗೆಗೆ ಸಹಜವೇ. ಆದರೆ ನಾನು ಮುಖ್ಯವಾಗಿ ಹುಡುಕುತ್ತಿರುವುದು, ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ರುಬ್ಬಿದ ಹಿಟ್ಟಿನಿಂದ ಮಾಡಿದ, ಕಾವಲಿಯಿಂದ ಇಳಿಸಿದೊಡನೆ ಸುಟ್ಟ ಜೋಳದ ಪರಿಮಳ ಬರುವ ಟಾರ್ಟಿಯಾ. ಯೋಗ ಕಲಿಯಲು ಬಂದ ವಿದೇಶಿಯರು ಓಡಾಡುವ ಗೋಕುಲಂ ಕಡೆ ಇರಬಹುದೆಂಬ ಆಸೆಯಿದೆ. ಸ್ವತಃ ತಿಂದು ನೋಡಿದವರು ಹೋಟೆಲಿನ ಹೆಸರು, ರಸ್ತೆ, ಇಬ್ಬರ ಊಟಕ್ಕೆ ತಗಲುವ ಖರ್ಚು ಬರೆದರೆ ಉಪಕಾರವಾಗುತ್ತದೆ. ಅಮ್ಮನೂ ಜೊತೆಗೆ ಬರುವುದರಿಂದ ರಾಜ್ಮಾ ಹಾಕಿದ ಸಸ್ಯಾಹಾರಿ ಬುರಿಟೊ (ಹೂರಣವಿಟ್ಟು ಸುತ್ತಿದ ಗೋಧಿ ಟಾರ್ಟಿಯಾ) ಇದ್ದರೆ ಇನ್ನೂ ಒಳ್ಳೆಯದು.