ಅಜ್ಜಿಯ ಸಿಂಗರ್ ಯಂತ್ರ ಮತ್ತು ಡಬ್ಬಿಯಲ್ಲಿ ಸಿಕ್ಕ ಗುರುತಿಲ್ಲದ ಬಿಡಿಭಾಗಗಳು

ಪ್ರಶ್ನೆ (ತೀರ್ಥಹಳ್ಳಿಯ ಸದಸ್ಯೆ):

ಮಾನ್ಯರೇ, ನಮಸ್ಕಾರ. ನಮ್ಮ ಅಜ್ಜಿ ಬಳಸುತ್ತಿದ್ದ, ಕೈಯಿಂದ ತಿರುಗಿಸುವ ಸಿಂಗರ್ ಹೊಲಿಗೆ ಯಂತ್ರವೊಂದು ಬಹಳ ವರ್ಷಗಳಿಂದ ಅಟ್ಟದ ಮೇಲಿತ್ತು. ಇಳಿಸಿ ಒರೆಸಿದಾಗ ತಳದ ಬಲಬದಿಯಲ್ಲಿ ಎಫ್ ಅಕ್ಷರದಿಂದ ಆರಂಭವಾಗುವ ಒಂದು ಸಂಖ್ಯೆ ಕಾಣಿಸಿತು. ಸೂಜಿಯ ಮುಂದಿನ ಉಕ್ಕಿನ ತಟ್ಟೆಯನ್ನು ಸರಿಸಿದರೆ ಕೆಳದಾರವನ್ನು ಒಯ್ಯುವ, ಬಂದೂಕಿನ ಗುಂಡಿನ ಆಕಾರದ ಶಟಲ್ ಇದೆ. ಅದರೊಳಗೆ ಕೆಳದಾರ ಸುತ್ತುವ ಬಾಬಿನ್ ತೆಳ್ಳಗೆ, ಉದ್ದಕ್ಕೆ, ಕಡ್ಡಿಯಂತಿದೆ. ಪೇಟೆಯ ಅಂಗಡಿಯವರೊಬ್ಬರು ಇದಕ್ಕೆ ಸಾಮಾನು ಸಿಗುವುದಿಲ್ಲ, ತೂಕಕ್ಕೆ ಹಾಕಿ ಎಂದರು. ಮನಸ್ಸು ಒಪ್ಪಲಿಲ್ಲ.

ಜೊತೆಯಲ್ಲಿದ್ದ ಡಬ್ಬಿಯಲ್ಲಿ ಐದು ವಸ್ತುಗಳಿವೆ. ಒಂದರ ಮೂತಿ ಶಂಖದಂತೆ ಸುರುಳಿಯಾಗಿದೆ. ಇನ್ನೊಂದಕ್ಕೆ ತುತ್ತೂರಿಯಂಥ ಬಾಯಿದೆ. ಮೂರನೆಯದಕ್ಕೆ ಕವಲೊಡೆದ ತೋಳು ಮತ್ತು ನೀಲಿ ಬಣ್ಣದ ಎರಡು ಉಕ್ಕಿನ ಪಟ್ಟಿಗಳಿವೆ. ನಾಲ್ಕನೆಯದರ ಮೇಲೆ ಅಂಕಿಗಳಿರುವ ಅಳತೆಪಟ್ಟಿಗಳಿವೆ. ಐದನೆಯದರಲ್ಲಿ ಬರೀ ಸೀಳುಗಳು, ಮೇಲೆ 36865 ಎಂಬ ಸಂಖ್ಯೆ. ಇವು ಏನು, ಈ ಯಂತ್ರಕ್ಕೇ ಸೇರಿದವೇ, ಯಂತ್ರ ಮತ್ತೆ ಹೊಲಿಯುವುದೇ ಎಂದು ದಯವಿಟ್ಟು ತಿಳಿಸಿ.

ಉತ್ತರ (ಯಂತ್ರ ದುರಸ್ತಿಗಾರರು):

ನಮಸ್ಕಾರ ಅಮ್ಮ. ದಯವಿಟ್ಟು ತೂಕಕ್ಕೆ ಹಾಕಬೇಡಿ. ಮೂವತ್ತು ವರ್ಷಗಳಿಂದ ಈ ಕೆಲಸದಲ್ಲಿರುವ ನನಗೆ, ಸಾಮಾನು ಸಿಗುವುದಿಲ್ಲ ಎಂಬ ಒಂದೇ ಮಾತಿನಿಂದ ಎಷ್ಟು ಒಳ್ಳೆಯ ಯಂತ್ರಗಳು ಗುಜರಿ ಸೇರಿದವು ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಮೊದಲು ಯಂತ್ರದ ಗುರುತು. ಎಫ್ ಅಕ್ಷರದ ಸಂಖ್ಯೆಗಳು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಸಿಂಗರ್ ಕಾರ್ಖಾನೆಯವು. 1910ರಿಂದ ಸುಮಾರು 1921ರವರೆಗೆ ಅಲ್ಲಿ ತಯಾರಾದ ಯಂತ್ರಗಳಿಗೆ ಈ ಅಕ್ಷರವಿದೆ, ಅದರ ನಂತರ 1935ರವರೆಗೆ ವೈ ಅಕ್ಷರ ಬಂದಿತು. ಆದರೆ ಈ ಅಕ್ಷರ ಊರನ್ನೂ ಕಾಲವನ್ನೂ ಹೇಳುತ್ತದೆಯೇ ಹೊರತು ಮಾದರಿಯನ್ನಲ್ಲ. ಮಾದರಿಯನ್ನು ಹೇಳುವುದು ಶಟಲ್. ನೀವು ವರ್ಣಿಸಿದ ಗುಂಡಿನಾಕಾರದ ಶಟಲ್ ಕಮಾನಿನಂತೆ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ; ಅದು 27 ಅಥವಾ 28ನೇ ಮಾದರಿಯ ಲಕ್ಷಣ. ತಳದ ಉದ್ದ ಸುಮಾರು 14.5 ಇಂಚು ಇದ್ದರೆ 27, ಅದಕ್ಕಿಂತ ಗಿಡ್ಡವಿದ್ದರೆ ಅದೇ ಯಂತ್ರದ ಮುಕ್ಕಾಲು ಗಾತ್ರದ 28. ಶಟಲ್ ಮೇಲೆತ್ತಲು ಒತ್ತುವ ಗುಂಡಿಯಿದ್ದರೆ ಅದು ನಂತರ ಬಂದ 127 ಅಥವಾ 128 ಆಗಿರುತ್ತದೆ, ಆದರೆ ಬಾಬಿನ್ ಈ ನಾಲ್ಕಕ್ಕೂ ಒಂದೇ.

ಆ ಬಾಬಿನ್‌ನ ಸಿಂಗರ್ ಸಂಖ್ಯೆ 8228. ಈ ಉದ್ದ ಬಾಬಿನ್‌ಗಳನ್ನು ಇಂದಿಗೂ ಹೊಸದಾಗಿ ತಯಾರಿಸುತ್ತಾರೆ, ಆನ್‌ಲೈನ್‌ನಲ್ಲಿ ಸಿಗುತ್ತವೆ. ಹೊಸದು ಬಂದ ಕೂಡಲೇ ಗಾಜಿನ ಮೇಲೆ ಉರುಳಿಸಿ ನೋಡಿ. ತುದಿಯ ಬಿಲ್ಲೆ ಸೊಟ್ಟಗಿದ್ದರೆ ಓಲಾಡುತ್ತದೆ, ಅಂಥದ್ದು ಶಟಲ್‌ನೊಳಗೆ ದಾರವನ್ನು ಎಳೆದೆಳೆದು ಬಿಡುತ್ತದೆ. ಹಳೆಯ ಶಟಲನ್ನು ಮಾತ್ರ ಅವಸರಪಟ್ಟು ಬದಲಿಸಬೇಡಿ. ಅದರ ಚೂಪು ತುದಿಯ ಮೇಲೆ ಉಗುರನ್ನು ಮೆಲ್ಲಗೆ ಎಳೆಯಿರಿ, ಎಲ್ಲಿಯೂ ತಡೆಯದಿದ್ದರೆ ಅದು ಚೆನ್ನಾಗಿದೆ ಎಂದು ತಿಳಿಯಿರಿ. ದಾರ ಬಿಗಿಯಾಗದಿದ್ದರೆ ಬಹುಪಾಲು ಸಲ ತಪ್ಪು ಶಟಲ್‌ನದಲ್ಲ, ಅದರ ಬದಿಯ ತೆಳು ಸ್ಪ್ರಿಂಗಿನ ಅಡಿಯಲ್ಲಿ ಸೇರಿಕೊಂಡ ನೂಲಿನ ಜುಂಗಿನದು. ದಪ್ಪ ಕಾಗದದ ಅಂಚನ್ನು ಒಳಗೆ ತೂರಿಸಿ ಎಳೆದರೆ ಅದು ಹೊರಬರುತ್ತದೆ.

ಸೂಜಿಗೆ ಚಿಂತೆ ಬೇಡ. ಮನೆಬಳಕೆಯ ಉಷಾ ಯಂತ್ರಕ್ಕೆ ಹಾಕುವ ಸಾಮಾನ್ಯ ಸೂಜಿಯೇ ಇದಕ್ಕೂ ಆಗುತ್ತದೆ. ಸೂಜಿಯ ಉದ್ದನೆಯ ತೋಡು ಇರುವ ಬದಿ ದಾರ ಒಳಹೋಗುವ ಕಡೆಗೂ, ಚಪ್ಪಟೆ ಬದಿ ಅದರ ಎದುರಿಗೂ ಇರಬೇಕು.

ಈಗ ಡಬ್ಬಿಯ ವಿಷಯ. ಶಂಖದ ಮೂತಿಯದು ಸಣ್ಣ ಅಂಚು ಮಡಚುವ ಹೆಮ್ಮರ್: ಬಟ್ಟೆಯ ಅಂಚು ಸುರುಳಿಯೊಳಗೆ ತಾನೇ ಎರಡು ಸಲ ಮಡಚಿಕೊಂಡು ಸೂಜಿಯ ಕೆಳಗೆ ಬರುತ್ತದೆ. ತುತ್ತೂರಿಯಂತಿರುವುದು ಬೈಂಡರ್, ಅಂದರೆ ಕ್ರಾಸ್ ಪಟ್ಟಿಯನ್ನು (ಓರೆಯಾಗಿ ಕತ್ತರಿಸಿದ ಬಟ್ಟೆಪಟ್ಟಿ) ಬಟ್ಟೆಯ ಅಂಚಿಗೆ ಸುತ್ತಿ ಹೊಲಿಯುವ ಸಾಧನ. ಅಳತೆಪಟ್ಟಿಯದು ಟಕ್ಸ್, ಅಂದರೆ ಸಾಲು ಮಡಿಕೆಗಳನ್ನು ಹೊಲಿಯಲು ನೆರವಾಗುವ ಟಕ್ಕರ್, ಒಂದು ಪಟ್ಟಿ ಟಕ್ಸ್‌ನ ಅಗಲವನ್ನೂ ಇನ್ನೊಂದು ನಡುವಿನ ಅಂತರವನ್ನೂ ನಿರ್ಧರಿಸುತ್ತದೆ, ಒಂದು ಟಕ್ಸ್ ಹೊಲಿಯುತ್ತಿರುವಾಗಲೇ ಮುಂದಿನದಕ್ಕೆ ಬಟ್ಟೆಯ ಮೇಲೆ ಗೀರು ಬೀಳುತ್ತದೆ. 36865 ಸಂಖ್ಯೆಯದು ಎಡ್ಜ್ ಸ್ಟಿಚರ್. ಅದರ ಒಂದು ಸೀಳಿನಲ್ಲಿ ಲೇಸನ್ನೂ ಇನ್ನೊಂದರಲ್ಲಿ ಬಟ್ಟೆಯನ್ನೂ ತೂರಿಸಿ ಎರಡನ್ನೂ ಅಂಚಿಗೆ ಅಂಚು ಕೂಡಿಸಬಹುದು. ಅದೇ ಸಂಖ್ಯೆಯ ಪಕ್ಕದಲ್ಲಿ ಸಿಮಾಂಕೋ ಎಂಬ ಮುದ್ರೆಯಿದೆಯೇ ನೋಡಿ. ಅದು ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಹೆಸರಿನ ಸಂಕ್ಷೇಪ.

ಕವಲು ತೋಳಿನದು ರಫ್ಲರ್, ನೆರಿಗೆ ಹಾಕುವ ಸಾಧನ. ಇದನ್ನು ಕೆಟ್ಟಿದೆ ಎಂದು ಎಸೆಯುವವರೇ ಹೆಚ್ಚು, ಏಕೆಂದರೆ ಕವಲನ್ನು ಸೂಜಿಯನ್ನು ಬಿಗಿಯುವ ಸ್ಕ್ರೂವಿನ ಮೇಲೆ ಕೂರಿಸಬೇಕೆಂಬುದು ಅವರಿಗೆ ಗೊತ್ತಿರುವುದಿಲ್ಲ. ಸೂಜಿ ಮೇಲೆ ಕೆಳಗೆ ಹೋದಂತೆ ತೋಳೂ ಆಡುತ್ತದೆ, ಹಲ್ಲಿರುವ ನೀಲಿ ಪಟ್ಟಿ ಬಟ್ಟೆಯನ್ನು ಮುಂದೆ ತಳ್ಳಿ ನೆರಿಗೆ ಮಾಡುತ್ತದೆ. ಬಟ್ಟೆಯನ್ನು ಎರಡು ನೀಲಿ ಪಟ್ಟಿಗಳ ನಡುವೆಯೇ ಇಡಬೇಕು. 1, 6, 12 ಎಂಬ ಅಂಕಿಗಳಿದ್ದರೆ ಅಷ್ಟು ಹೊಲಿಗೆಗೊಂದು ನೆರಿಗೆ ಎಂದರ್ಥ.

ಇವೆಲ್ಲ ನಿಮ್ಮ ಯಂತ್ರದವೇ ಎಂಬುದು ಆಕಾರದಿಂದ ತೀರ್ಮಾನವಾಗುವುದಿಲ್ಲ, ಅವನ್ನು ಯಂತ್ರಕ್ಕೆ ಸಿಕ್ಕಿಸುವ ಹಿಡಿಕೆಯಿಂದ ತೀರ್ಮಾನವಾಗುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ, ಈಗಿರುವ ಪ್ರೆಷರ್ ಫುಟ್ಟನ್ನು ಬಿಚ್ಚಿ, ಸ್ಕ್ರೂ ಕೂರುವ ಕಚ್ಚಿನ ನಡುವಿನಿಂದ ಫುಟ್ಟಿನ ಅಡಿಯವರೆಗೆ ಅಳೆಯಿರಿ. ಅರ್ಧದಿಂದ ಮುಕ್ಕಾಲು ಇಂಚಿನೊಳಗಿದ್ದರೆ ಅದು ಗಿಡ್ಡ ಹಿಡಿಕೆ, ಒಂದು ಇಂಚಿಗಿಂತ ಹೆಚ್ಚಿದ್ದರೆ ಎತ್ತರದ ಹಿಡಿಕೆ. 27 ಮತ್ತು 28 ಗಿಡ್ಡ ಹಿಡಿಕೆಯವು, ಸ್ಕ್ರೂ ಎಡಬದಿಯಿಂದ ಬರುತ್ತದೆ. ಡಬ್ಬಿಯಲ್ಲಿರುವುದನ್ನು ಹಾಗೆಯೇ ಹಿಡಿದು ನೋಡಿ, ಚಕ್ರವನ್ನು ಮೊದಲು ಕೈಯಿಂದ ಒಂದು ಸುತ್ತು ನಿಧಾನವಾಗಿ ತಿರುಗಿಸಿ, ಸೂಜಿ ಲೋಹಕ್ಕೆ ತಾಗುವುದಿಲ್ಲವೆಂದು ಖಚಿತವಾದ ಮೇಲೆಯೇ ಬಟ್ಟೆ ಇಡಿ.

ಉಪಪ್ರಶ್ನೆ (ದಾವಣಗೆರೆಯ ಟೈಲರ್ ಒಬ್ಬರು):

ಸರ್, ನಮ್ಮ ಹಳೆಯ ಕಪ್ಪು ಯಂತ್ರ ಸಿಂಗರ್ 15ರ ನಮೂನೆಯದು. ಬಾಬಿನ್ ಕೂರುವ ಹೊಸ ಬಾಬಿನ್ ಕೇಸ್ ತಂದರೆ ಕೂರುವುದೇ ಇಲ್ಲ. ನೋಡಲು ಎರಡೂ ಒಂದೇ ಥರ ಇವೆ.

ಉತ್ತರ:

ಬಾಬಿನ್ ಕೇಸಿನ ತೆರೆದ ಮುಖವನ್ನು ಗಡಿಯಾರದಂತೆ ಎದುರಿಗೆ ಹಿಡಿದು, ಮೇಲೆ ಚಾಚಿಕೊಂಡ ಸಣ್ಣ ಬೆರಳನ್ನು ನೋಡಿ. ಕೆಲವದರಲ್ಲಿ ಅದು 11 ಗಂಟೆಯ ಜಾಗದಲ್ಲಿಯೂ ಕೆಲವದರಲ್ಲಿ 1 ಗಂಟೆಯ ಜಾಗದಲ್ಲಿಯೂ ಇರುತ್ತದೆ. ಒಂದಕ್ಕೆ ಇನ್ನೊಂದು ಆಗುವುದಿಲ್ಲ. ಅಂಗಡಿಗೆ ಹೋಗುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ. 15ರ ನಮೂನೆಯ ಭಾಗಗಳು ಲೂಧಿಯಾನಾದಿಂದ ಧಾರಾಳವಾಗಿ ಬರುತ್ತವೆ, ಸಿಗದಿರುವ ಪ್ರಶ್ನೆಯೇ ಇಲ್ಲ. ಸ್ಕ್ರೂ ಕಳೆದಿದ್ದರೆ ಮಾತ್ರ ಹಾರ್ಡ್‌ವೇರ್ ಅಂಗಡಿಯ ಮೆಟ್ರಿಕ್ ಸ್ಕ್ರೂವನ್ನು ಬಲವಂತವಾಗಿ ತಿರುಗಿಸಬೇಡಿ. ಸಿಂಗರ್‌ನ ಸ್ಕ್ರೂವಿನ ಮರೆ (ಸುರುಳಿಗೀರು) ಬೇರೆ, ಒಮ್ಮೆ ಮರೆ ಸವೆದರೆ ಇಡೀ ಯಂತ್ರಕ್ಕೆ ಕುತ್ತು.

ಉಪಪ್ರಶ್ನೆ (ನ್ಯೂಜೆರ್ಸಿಯಲ್ಲಿರುವ ಸದಸ್ಯರು):

ನನಗೆ ಇಲ್ಲಿ ಕೆಂಪು ಚಿತ್ತಾರದ ಸಿಂಗರ್ 66 ಸಿಕ್ಕಿದೆ. ಗಿಡ್ಡ ಹಿಡಿಕೆಯ ಯಾವ ಫುಟ್ಟೂ ಹಿಡಿಯುವುದಿಲ್ಲ.

ಉತ್ತರ:

ಸ್ಕ್ರೂ ಹಿಂದುಗಡೆ ಇರಬೇಕು, ನೋಡಿ. ಅಮೆರಿಕದಲ್ಲಿ ತಯಾರಾದ ಆರಂಭದ 66ಗಳಲ್ಲಿ ಫುಟ್ ಹಿಂದಿನಿಂದ ಹಿಡಿದುಕೊಳ್ಳುತ್ತದೆ, ಆದ್ದರಿಂದ ಹಿಂಬದಿ ಹಿಡಿಕೆಯದೆಂದು ಸ್ಪಷ್ಟವಾಗಿ ಬರೆದಿರುವ ಸಾಧನಗಳನ್ನೇ ಕೊಳ್ಳಬೇಕು. ಬಾಬಿನ್ ಕೂಡ 15ರದ್ದಲ್ಲ. 66ರ ಬಾಬಿನ್‌ನ ಬದಿಗಳು ತುಸು ಉಬ್ಬಿರುತ್ತವೆ, 15ರದ್ದು ಚಪ್ಪಟೆ.

ಮೂಲ ಪ್ರಶ್ನೆ ಕೇಳಿದವರು:

ತುಂಬಾ ಧನ್ಯವಾದಗಳು ಸರ್. ತಳ 14.5 ಇಂಚಿಗಿಂತ ಗಿಡ್ಡವಿದೆ, ಗುಂಡಿಯಿಲ್ಲ, ಹಾಗಾಗಿ 28. ಶಟಲ್‌ನ ಸ್ಪ್ರಿಂಗಿನ ಅಡಿಯಿಂದ ಹಸಿರು ನೂಲಿನ ಎಳೆಯೊಂದು ಬಂತು. ಅಜ್ಜಿ ಕೊನೆಗೆ ಹೊಲಿದ ಬಟ್ಟೆಯದಿರಬೇಕು, ಅದನ್ನು ಎತ್ತಿಟ್ಟಿದ್ದೇನೆ. ಚಕ್ರ ಮಾತ್ರ ಇನ್ನೂ ಬಿಗಿಯಾಗಿದೆ.

ಉತ್ತರ:

ಬಲ ಹಾಕಬೇಡಿ ಅಮ್ಮ. ಎಣ್ಣೆಯ ತೂತುಗಳಿಗೆ ಮತ್ತು ಕೆಳಗಿನ ಕೀಲುಗಳಿಗೆ ಎರಡೆರಡು ತೊಟ್ಟು ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ, ಬೆಳಿಗ್ಗೆ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಆಡಿಸಿ. ಸಡಿಲವಾದ ಮೇಲೆ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನೇ ಹಾಕಿ. ಚಿನ್ನದ ಬಣ್ಣದ ಚಿತ್ತಾರದ ಮೇಲೆ ಸ್ಪಿರಿಟ್ ತಾಗಿಸಬೇಡಿ, ಅಳಿಸಿಹೋಗುತ್ತದೆ. ಚಕ್ರ ತಿರುಗಿದ ದಿನ ಮೊದಲು ಶಂಖದ ಮೂತಿಯ ಹೆಮ್ಮರ್ ಹಾಕಿ, ತೆಳು ಹತ್ತಿಯ ಒಂದು ತುಂಡಿನ ಮೇಲೆ ಹೊಲಿದು ಚಿತ್ರ ಕಳಿಸಿ. ಹೊಲಿಗೆ ನೋಡಿ ಟೆನ್ಷನ್ ಎಷ್ಟು ತಿರುಗಿಸಬೇಕೆಂದು ಹೇಳುತ್ತೇನೆ.