ಕೇಬಲ್‌ನಲ್ಲಿ ಎರಡು ಲೇಯರ್, ಗಾಳಿಲಿ ಒಂದೇ. ಯಾಕೆ?

ತರಂಗಿ: ಎಲ್‌ಟಿಇ (4ಜಿ) 2x2 ಮೈಮೋ ಟೆಸ್ಟ್ ಮಾಡ್ತಿದೀನಿ, ಅಂದ್ರೆ ಎರಡು ಆಂಟೆನಾದಿಂದ ಎರಡು ಆಂಟೆನಾಗೆ ಒಟ್ಟಿಗೇ ಎರಡು ಡೇಟಾ ಹರಿವು (ಲೇಯರ್) ಕಳ್ಸೋದು. 2.6 ಗಿಗಾಹರ್ಟ್ಸ್, ಟಿಎಂ4 (ಫೋನ್ ಕೊಡೋ ಫೀಡ್‌ಬ್ಯಾಕ್ ನೋಡಿ ಕಳ್ಸೋ ಮೋಡ್). ಲ್ಯಾಬಲ್ಲಿ ಕೇಬಲ್ ಹಾಕಿ ನೋಡಿದ್ರೆ ರ‍್ಯಾಂಕ್ (ಒಟ್ಟಿಗೇ ಹೋಗೋ ಲೇಯರ್ ಸಂಖ್ಯೆ) 2ರಿಂದ ಕದಲೋದೇ ಇಲ್ಲ, ಥ್ರೂಪುಟ್ (ಡೇಟಾ ಸ್ಪೀಡ್) ಸರಿಯಾಗಿ ಡಬಲ್. ಅದೇ ಸೆಟಪ್‌ನ ಗಾಡೀಲಿಟ್ಟು 30 ಕಿಮೀ ಸ್ಪೀಡಲ್ಲಿ ಹೋದ್ರೆ ಬರೀ ರ‍್ಯಾಂಕ್ 1, ಅದೂ ಎಗರಾಡುತ್ತೆ. ಸಾಫ್ಟ್‌ವೇರ್ ಬಗ್ ಅಂತ ಎರಡು ದಿನ ತಲೆ ಕೆಡಿಸ್ಕೊಂಡೆ.

ಹಳೇಹುಲಿ: ಬಗ್ ಅಲ್ಲ, ಕೇಬಲ್ ನಿಮ್ಗೆ ಸುಳ್ಳು ಹೇಳ್ತಿದೆ. ಮೊದಲ್ನೇ ಪೋರ್ಟಿಂದ ಮೊದಲ್ನೇ ರಿಸೀವರ್‌ಗೆ, ಎರಡನೇದರಿಂದ ಎರಡನೇದಕ್ಕೆ ನೇರ ಕೇಬಲ್ ಅಂದ್ರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರೋದೇ ಇಲ್ಲ, ಚಾನೆಲ್ ಮ್ಯಾಟ್ರಿಕ್ಸ್ (ಯಾವ ಪೋರ್ಟಿಂದ ಯಾವ ರಿಸೀವರ್‌ಗೆ ಎಷ್ಟು ತಲುಪುತ್ತೆ ಅನ್ನೋ ಪಟ್ಟಿ) ಹೆಚ್ಚುಕಮ್ಮಿ ಐಡೆಂಟಿಟಿ, ಬೇರ್ಪಡಿಸೋಕೆ ರಿಸೀವರ್‌ಗೆ ಏನೂ ಕೆಲ್ಸನೇ ಇಲ್ಲ. ಅದು ಮೈಮೋ ಟೆಸ್ಟೇ ಅಲ್ಲ, ಎರಡು ಸಿಂಗಲ್ ಲಿಂಕ್ ಪಕ್ಕಪಕ್ಕ ಓಡ್ತಿರೋದು. ಮಧ್ಯೆ ಫೇಡರ್ (ಗಾಳಿಲಿ ಸಿಗ್ನಲ್ ಏರಿಳಿಯೋದನ್ನ ಲ್ಯಾಬಲ್ಲೇ ನಕಲು ಮಾಡೋ ಪೆಟ್ಟಿಗೆ) ಹಾಕಿ. ಇವಿಎ ಪ್ರೊಫೈಲ್ (ಓಡೋ ಗಾಡಿಗೆ ಅಂತಿರೋ ಸ್ಟ್ಯಾಂಡರ್ಡ್ ಚಾನೆಲ್ ಮಾದರಿ), 70 ಹರ್ಟ್ಸ್ ಡಾಪ್ಲರ್ (ಓಡೋದ್ರಿಂದ ಫ್ರೀಕ್ವೆನ್ಸಿ ಸರಿಯೋದು; ನಿಮ್ಮ ಸ್ಪೀಡಿಗೆ ಲೆಕ್ಕ ಹಾಕಿದ್ರೆ 72 ಬರುತ್ತೆ, ಹತ್ರಾನೇ ಇದೆ), ಕೋರಿಲೇಷನ್ (ಎರಡು ಆಂಟೆನಾ ಸಿಗ್ನಲ್ ಒಂದಕ್ಕೊಂದು ಎಷ್ಟು ಹೋಲುತ್ತೆ ಅನ್ನೋದು) ಮೊದ್ಲು ಲೋ, ಆಮೇಲೆ ಹೈ. ಹೈನಲ್ಲಿ ಕಳ್ಸೋ ಕಡೆ, ತಗೊಳ್ಳೋ ಕಡೆ ಎರಡೂ 0.9, ಎರಡನೇ ಲೇಯರ್ ಹೇಗೆ ಉದುರುತ್ತೆ ಅಂತ ಕಣ್ಣಾರೆ ಕಾಣುತ್ತೆ.

ಚಾನೆಲ್‌ಮೇಟ್: ಜೊತೆಗೆ ಟಿಎಂ4 ಫೀಡ್‌ಬ್ಯಾಕ್ ಮೇಲೆ ನಿಂತಿರೋದು. 72 ಹರ್ಟ್ಸ್ ಅಂದ್ರೆ ಚಾನೆಲ್ ಸುಮಾರು 6 ಮಿಲಿಸೆಕೆಂಡಿಗೇ ಬದಲಾಗ್ಬಿಡುತ್ತೆ, ಫೋನ್ ಹೇಳಿದ ಪ್ರಿಕೋಡರ್ (ಲೇಯರ್‌ಗಳನ್ನ ಆಂಟೆನಾಗಳಿಗೆ ಹೇಗೆ ಹಂಚ್ಬೇಕು ಅನ್ನೋ ಲೆಕ್ಕ) ಬಳಕೆಗೆ ಬರೋಷ್ಟರಲ್ಲಿ ಅದು ಹಳಸಿರುತ್ತೆ. ಓಡಾಡೋವಾಗ ಟಿಎಂ3 ಹಾಕಿ ನೋಡಿ, ಓಪನ್ ಲೂಪ್, ಪಿಎಂಐ (ಯಾವ ಪ್ರಿಕೋಡರ್ ಅಂತ ಫೋನ್ ಹೇಳೋ ಫೀಡ್‌ಬ್ಯಾಕ್) ತಂಟೆನೇ ಇಲ್ಲ. ಅಂದಹಾಗೆ ಎರಡು ಆಂಟೆನಾ ಲೆವೆಲ್ ಬೇರೆಬೇರೆ ಅಳೆದ್ರಾ? ಎಷ್ಟೋ ಸಲ ಕಥೆ ಅಲ್ಲೇ ಮುಗಿಯುತ್ತೆ.

ತರಂಗಿ: ಅಳೆದೆ. ನಾಚ್ಕೆ ಆಗ್ತಿದೆ 😅 ಎರಡನೇ ರಿಸೀವ್ ಆಂಟೆನಾ 11 ಡಿಬಿ ಕೆಳಗಿತ್ತು, ಎಸ್‌ಎಂಎ ಕನೆಕ್ಟರ್ ಬೆರಳಲ್ಲೇ ತಿರುಗ್ತಿತ್ತು, ಟಾರ್ಕ್ ವ್ರೆಂಚ್ ಹಾಕಿದ್ಮೇಲೆ 2 ಡಿಬಿ ವ್ಯತ್ಯಾಸ. ಈಗ ನಿಂತಾಗ ರ‍್ಯಾಂಕ್ 2 ಬರ್ತಿದೆ, ಓಡ್ವಾಗ ಮಾತ್ರ ಇನ್ನೂ ಬೀಳುತ್ತೆ.

ಹಳೇಹುಲಿ: ನಿಂತಾಗ ಬರ್ತಿದೆ ಅಂದ್ರೆ ಉಳಿದಿದ್ದು ಫೀಡ್‌ಬ್ಯಾಕ್ ತಲೆನೋವೇ ಇರ್ಬೇಕು. ಆದ್ರೂ ಎದುರಿಗೇ ಟವರ್ ಕಾಣೋ ಬಯಲಲ್ಲಿ ಓಡಿಸಿದ್ರೆ, ಎರಡೂ ಆಂಟೆನಾ ಒಂದೇ ಪೋಲರೈಸೇಷನ್ (ಅಲೆ ಕಂಪಿಸೋ ದಿಕ್ಕು) ಇದ್ರೆ, ಸಿಗ್ನಲ್ ಎಷ್ಟೇ ಜೋರಿದ್ರೂ ರ‍್ಯಾಂಕ್ 1ಕ್ಕೇ ಬೀಳುತ್ತೆ. ನಿಮ್ದು ಕ್ರಾಸ್ ಪೋಲಾ?

ತರಂಗಿ: ಇಲ್ಲ, ಎರಡೂ ನೆಟ್ಟಗೆ ನಿಲ್ಸಿದೀನಿ. ಒಂದನ್ನ ಅಡ್ಡ ಮಲಗಿಸಿ, ಟಿಎಂ3 ಹಾಕಿ ನಾಳೆ ಮತ್ತೆ ಓಡಿಸ್ತೀನಿ.