ರಾಗಿ ಸರಿ: ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ವಿಜಯನಗರ ಅಮ್ಮ: ಡಾಕ್ಟ್ರೇ, ಮಗನಿಗೆ ಮುಂದಿನ ವಾರ ಆರು ತಿಂಗಳು ತುಂಬುತ್ತೆ. ಸರಿ ಹಿಟ್ಟು ಮನೆಯಲ್ಲೇ ಮಾಡೋ ಕ್ರಮ ಹೇಳ್ತೀರಾ?

ಡಾಕ್ಟರ್: ಅರ್ಧ ಕೆಜಿ ರಾಗಿ ಸಾಕು. ಕಲ್ಲು ತೆಗೆದು, ನೀರು ತಿಳಿಯಾಗೋವರೆಗೆ ತೊಳೆದು, 10-12 ಗಂಟೆ ನೆನೆಸಿ. ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಬಿಡಿ, ಥಂಡಿ ಇದ್ದರೆ ಒಂದೂವರೆ ದಿನ. ಬಿಳಿ ಮೊಳಕೆ ಕಂಡ ತಕ್ಷಣ ಹರವಿ. ಹುಳಿ ವಾಸನೆ, ಲೋಳೆ ಇದ್ದರೆ ಅಷ್ಟೂ ಚೆಲ್ಲಿಬಿಡಿ. ಬೆಂಗಳೂರಿನ ಮೋಡದಲ್ಲಿ ಬಿಸಿಲನ್ನೇ ನಂಬಿ ಕೂರಬೇಡಿ, ಫ್ಯಾನ್ ಕೆಳಗೆ ಎರಡು ದಿನ ಹಾಕಿ. ಕಾಳು ಹಲ್ಲಿಗೆ ಕಟ್ ಅನ್ನಬೇಕು, ಇಲ್ಲದಿದ್ದರೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತೆ. ಸಣ್ಣ ಉರಿಯಲ್ಲಿ ಹುರಿದು, ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಎರಡು ಟೇಬಲ್ ಚಮಚ ಹಿಟ್ಟನ್ನು 100 ಮಿ.ಲೀ. ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಕೈಯಾಡಿಸುತ್ತ 7-8 ನಿಮಿಷ ಬೇಯಿಸಿ. ಮೊದಲ ದಿನ ಎರಡು ಮೂರು ಚಮಚ ತಿಂದರೆ ಸಾಕು. ಉಪ್ಪು, ಸಕ್ಕರೆ, ಬೆಲ್ಲ ಒಂದು ವರ್ಷದವರೆಗೆ ಬೇಡ.

ಕೆಂಗೇರಿ ಅಮ್ಮ: ಕಲ್ಲುಸಕ್ಕರೆ ಹಾಕಬಹುದಾ ಮೇಡಂ?

ಡಾಕ್ಟರ್: ಬೇಡ.

ಪಾಪು ಅಮ್ಮ: ಮಗಳಿಗೆ ಎಂಟೂವರೆ ತಿಂಗಳು. ಚಮಚದಲ್ಲಿ ತಿನ್ನಲ್ಲ ಅಂತ ಒಂದು ಚಮಚ ಹಿಟ್ಟನ್ನ 200 ಮಿ.ಲೀ. ನೀರಲ್ಲಿ ಕಾಸಿ, ನಿಪ್ಪಲ್ ತೂತು ದೊಡ್ಡದು ಮಾಡಿ, ದಿನಕ್ಕೆ ಮೂರು ಬಾಟಲಿ ಕೊಡ್ತೀವಿ. ಉಳಿದ ಹೊತ್ತು ಹಸುವಿನ ಹಾಲು. ಆರನೇ ತಿಂಗಳಲ್ಲಿ 6.6 ಕೆಜಿ ಇದ್ಲು, ಈಗ 6.8. ಬಿಳಿಚಿಕೊಂಡಿದಾಳೆ, ಆಡೋದೂ ಕಮ್ಮಿ.

ಡಾಕ್ಟರ್: ಇದನ್ನು ಎಲ್ಲರೂ ಓದಿ. ಒಂದು ಟೇಬಲ್ ಚಮಚ, ಅಂದರೆ ಸುಮಾರು 10 ಗ್ರಾಂ ಹಿಟ್ಟಿನಲ್ಲಿ 30 ಚಿಲ್ಲರೆ ಕ್ಯಾಲೊರಿ. 200 ಮಿ.ಲೀ. ಎದೆಹಾಲಿನಲ್ಲಿ 130ರಷ್ಟು. ಹಾಲಿಗಿಂತ ಬಡವಾದ ನೀರಿನಿಂದ ಹೊಟ್ಟೆ ತುಂಬುತ್ತಿದೆ, ಆಮೇಲೆ ಮಗು ಬೇರೇನೂ ಕೇಳೋದಿಲ್ಲ. ಈ ವಯಸ್ಸಲ್ಲಿ ತಿಂಗಳಿಗೆ 250-300 ಗ್ರಾಂ ಏರಬೇಕಿತ್ತು, ನಿಮ್ಮಲ್ಲಿ ಎರಡೂವರೆ ತಿಂಗಳಿಗೆ 200 ಗ್ರಾಂ.

ಬಿಳಿಚಿಕೊಂಡಿರೋದು ನನಗೆ ಇನ್ನೂ ದೊಡ್ಡ ಚಿಂತೆ. ಹೊಟ್ಟೆಯಲ್ಲಿದ್ದಾಗ ಕೂಡಿಟ್ಟ ಕಬ್ಬಿಣಾಂಶ ಆರು ತಿಂಗಳ ಹೊತ್ತಿಗೆ ತೀರುತ್ತಾ ಬರುತ್ತೆ. ಹಸುವಿನ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಸಾಲದ್ದಕ್ಕೆ ಕೆಲವು ಮಕ್ಕಳ ಕರುಳಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುವಂತೆ ಮಾಡುತ್ತೆ. ರಾಗಿಯ ಬಲ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಅದರ ಕಬ್ಬಿಣವನ್ನು ಕಾಳಿನಲ್ಲೇ ಇರೋ ಫೈಟೇಟ್ ಅನ್ನೋ ಅಂಶ ಹಿಡಿದಿಟ್ಟುಕೊಳ್ಳುತ್ತೆ, ಮೊಳಕೆ ಬಂದಾಗ ಸ್ವಲ್ಪ ಬಿಡುತ್ತೆ ಅಷ್ಟೇ.

ನಾಳೆಯೇ ಮಗುವನ್ನು ತೋರಿಸಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಬ್ಬಿಣದ ಔಷಧಿಯನ್ನು ಅಂದಾಜಿನಲ್ಲಿ ಶುರು ಮಾಡಬೇಡಿ. ಬಾಟಲಿ ಇವತ್ತೇ ನಿಲ್ಲಲಿ. ಸರಿ ಎಷ್ಟು ಗಟ್ಟಿ ಇರಬೇಕು ಅಂದರೆ ಚಮಚ ಓರೆ ಮಾಡಿದರೆ ಸುರಿಯಬಾರದು, ನಿಧಾನ ಜಾರಬೇಕು. ಅರ್ಧ ಟೀ ಚಮಚ ತುಪ್ಪ ಹಾಕಿ. ಇನ್ನೊಂದು ಊಟಕ್ಕೆ ಹೆಸರುಬೇಳೆ ಅನ್ನ ನುಣ್ಣಗೆ ಮಸೆದು ಎರಡು ಹನಿ ನಿಂಬೆ ಹಿಂಡಿ, ಹುಳಿ ಇದ್ದರೆ ಕಬ್ಬಿಣಾಂಶ ಮೈಗೆ ಹಿಡಿಯುತ್ತೆ. ಮೊಟ್ಟೆ ತಿನ್ನೋ ಮನೆಯಾದರೆ ಪೂರ್ತಿ ಬೆಂದ ಮೊಟ್ಟೆಯೂ ಆಗಬಹುದು. ಎದೆಹಾಲು ಇನ್ನೂ ಇದೆಯಾ? ಬರೆದು ತಿಳಿಸಿ.

ಬಸವನಗುಡಿ ಅಜ್ಜಿ: ಹಿಟ್ಟನ್ನ ಮಿಷನ್ನಲ್ಲೇ ಬೀಸಿಸಿ. ಮಿಕ್ಸಿಯಲ್ಲಿ ತರಿ ಉಳಿಯುತ್ತೆ.

ಗಿರಿನಗರ ಅಪ್ಪ: ಅಜ್ಜೀ, ಅದೇ ಮಿಷನ್ನಲ್ಲಿ ಖಾರದಪುಡಿ ಬೀಸ್ತಾರಲ್ಲ?

ಬಸವನಗುಡಿ ಅಜ್ಜಿ: ಮೊದಲು ಒಂದು ಪಾವು ಅಕ್ಕಿ ಹಾಕಿಸಪ್ಪ, ಉಳಿದದ್ದೆಲ್ಲ ಅದರ ಜೊತೆ ಬಂದುಬಿಡುತ್ತೆ.

ಗಿರಿನಗರ ಅಪ್ಪ: ಖಾರ ಹೋಗಬಹುದು. ಗೋಧಿ ಒಗ್ಗದ ಮಗುವಿಗೆ ಆ ಮಿಷನ್ ಹಿಟ್ಟು ಕೊಡ್ತೀರಾ?

ಬಸವನಗುಡಿ ಅಜ್ಜಿ: ಎಷ್ಟು ಮಕ್ಕಳಿಗೆ ಒಗ್ಗಲ್ಲ? ಸುಮ್ನೆ ಹೆದರಿಸಬೇಡಿ.

ಡಾಕ್ಟರ್: ಅಲರ್ಜಿ ಇರೋ ಮಗುವಿಗೆ ಮನೆ ಮಿಕ್ಸಿ, ಎರಡು ಸಲ ಜರಡಿ. ಸಾಕು ಇಲ್ಲಿಗೆ.

ಹೆಬ್ಬಾಳ ಅಮ್ಮ: ಸಿರಿಧಾನ್ಯದಲ್ಲಿ ಯಾವುದು ಮೊದಲು ಕೊಡಬೇಕು? ಬಾದಾಮಿ ಪುಡಿ ಹಿಟ್ಟಿನ ಜೊತೆಗೇ ಸೇರಿಸಿ ಇಡಬಹುದಾ?

ಗಿರಿನಗರ ಅಪ್ಪ: ಬಾದಾಮಿ ಬೇರೆ ಇಡಿ, ಎಣ್ಣೆ ಬಿಟ್ಟು ಹಿಟ್ಟೆಲ್ಲ ಕಮಟು ಹಿಡಿಯುತ್ತೆ.

ಯಲಹಂಕ ಅಮ್ಮ: ಫಾರ್ವರ್ಡ್ ಬಂದಿದೆ: "ಸರಿಗೆ ಜೇನು, ತೇದ ಜಾಯಿಕಾಯಿ ಹಾಕಿದರೆ ಮಗು ರಾತ್ರಿಯೆಲ್ಲ ನಿದ್ದೆ ಮಾಡುತ್ತೆ." ನಿಜಾನಾ?

ಡಾಕ್ಟರ್: ಇದನ್ನು ಯಾರಿಗೂ ಕಳಿಸಬೇಡಿ. ಜೇನಿನಲ್ಲಿ ಬಾಟುಲಿಸಂ ತರೋ ಬೀಜಾಣು ಇರಬಹುದು. ಅಡುಗೆಮನೆಯ ಕುದಿತಕ್ಕೆ ಅದು ಸಾಯೋದಿಲ್ಲ, ಎಳೆ ಕರುಳಲ್ಲಿ ಬೆಳೆದು ವಿಷ ಬಿಡುತ್ತೆ. ಮಗು ಸೋತು ಬೀಳುತ್ತೆ, ಉಸಿರಾಟಕ್ಕೂ ಕುತ್ತು. ಒಂದು ವರ್ಷದೊಳಗೆ ನಾಲಿಗೆಗೆ ಸವರೋದೂ ಬೇಡ. ಜಾಯಿಕಾಯಿ ಹೆಚ್ಚಾದರೆ ಮಿದುಳಿಗೇ ಏರುತ್ತೆ, ತೇಯುವಾಗ ಎಷ್ಟು ಇಳೀತು ಅಂತ ಅಳೆಯೋರು ಯಾರು?

ಬಸವನಗುಡಿ ಅಜ್ಜಿ: ನಾವೆಲ್ಲ ಕೊಟ್ಟೇ ಬೆಳೆಸಿದ್ದು.

ಡಾಕ್ಟರ್: ನನ್ನ ಉತ್ತರ ಬದಲಾಗೋದಿಲ್ಲ.

ಕೆಂಗೇರಿ ಅಮ್ಮ: ಬೆಲ್ಲ ಆದ್ರೂ?

ಡಾಕ್ಟರ್: ಮೇಲೆ ಓದಿ.

ಪಾಪು ಅಮ್ಮ: ಎದೆಹಾಲು ರಾತ್ರಿ ಮಾತ್ರ ಇದೆ. ಬೆಳಿಗ್ಗೆ ತೋರಿಸೋಕೆ ಹೋಗ್ತಿದೀವಿ. ಬಾಟಲಿ ತೆಗೆದಿಟ್ಟೆ, ಚಮಚ ಕಂಡ್ರೆ ಬಾಯಿ ಬಿಗಿ ಹಿಡೀತಾಳೆ ಡಾಕ್ಟ್ರೇ.

ಡಾಕ್ಟರ್: ಹಗಲೂ ಎದೆಗೆ ಹಾಕಿಕೊಳ್ಳಿ, ಹಾಲು ಹೆಚ್ಚುತ್ತೆ. ಎದ್ದ ಒಂದು ಗಂಟೆಗೆ, ಹಸಿವಿರುವಾಗ, ನೇರವಾಗಿ ಕೂರಿಸಿ ಚಮಚದ ತುದಿಯಷ್ಟು ಕೆಳತುಟಿಗೆ ಮುಟ್ಟಿಸಿ, ಬಾಯಿ ತೆರೆದರೆ ಮಾತ್ರ ಕೊಡಿ. ಮೂಗು ಹಿಡಿದು ಹುಯ್ಯಬೇಡಿ, ಶ್ವಾಸಕ್ಕೆ ಹೋಗುತ್ತೆ. ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ ಇಲ್ಲಿ ಹಾಕಿ.